ಲಾಡಿಹುಳುವಿನ ಡಿಂಭ ಮತ್ತು ಮಿದುಳಿನ ತಡೆಗೋಡೆ

ಪೀಠಿಕೆ

ಅಲ್ಲಿಯವರೆಗೆ ಆರೋಗ್ಯವಾಗಿದ್ದ ಯುವಕನೊಬ್ಬನ ಬಲಗೈ ಒಂದು ದಿನ ಇದ್ದಕ್ಕಿದ್ದಂತೆ ಅದುರತೊಡಗುತ್ತದೆ. ಕೆಲವೇ ಕ್ಷಣಗಳಲ್ಲಿ ದೇಹವೆಲ್ಲ ಸೆಟೆದು ಎಚ್ಚರ ತಪ್ಪುತ್ತದೆ. ಆಸ್ಪತ್ರೆಯಲ್ಲಿ ಮಿದುಳಿನ ಸಿ.ಟಿ. ಸ್ಕ್ಯಾನ್ ಮಾಡಿದಾಗ ಕಡಲೆಕಾಳಿನಷ್ಟು ಗಾತ್ರದ ಒಂದು ಬಿಳಿಯ ಉಂಗುರ ಕಾಣಿಸುತ್ತದೆ. ಭಾರತದ ನರರೋಗ ಚಿಕಿತ್ಸಾಲಯಗಳಲ್ಲಿ ಇದು ವೈದ್ಯರಿಗೆ ಚಿರಪರಿಚಿತವಾದ ದೃಶ್ಯ. ಆ ಉಂಗುರದ ನಡುವೆ ಇರುವುದು ಬಹುತೇಕ ಸಂದರ್ಭಗಳಲ್ಲಿ ಹಂದಿಯ ಲಾಡಿಹುಳುವಿನ ಡಿಂಭ, ಅಂದರೆ ಮರಿಹುಳು. ಈ ರೋಗವನ್ನು ವೈದ್ಯಕೀಯದಲ್ಲಿ ನ್ಯೂರೋಸಿಸ್ಟಿಸರ್ಕೋಸಿಸ್ ಎಂದು ಕರೆಯುತ್ತಾರೆ. ಜಗತ್ತಿನಲ್ಲಿ 25 ಲಕ್ಷದಿಂದ 83 ಲಕ್ಷ ಜನರು ಈ ರೋಗಕ್ಕೆ ಗುರಿಯಾಗಿದ್ದಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಾಡಿಹುಳು ನೆಲೆಯೂರಿರುವ ಅನೇಕ ಪ್ರದೇಶಗಳಲ್ಲಿ ಅಪಸ್ಮಾರದ, ಅಂದರೆ ಮೂರ್ಛೆರೋಗದ, ಪ್ರಕರಣಗಳಲ್ಲಿ ಶೇಕಡಾ 30ರಷ್ಟಕ್ಕೆ ಇದೇ ಕಾರಣವೆಂದು ಅದೇ ಸಂಸ್ಥೆ ತಿಳಿಸುತ್ತದೆ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಡಿಂಭವು ಆ ಯುವಕನ ಮಿದುಳನ್ನು ಸೇರಿದ್ದು ಬಹುಶಃ ಎಷ್ಟೋ ವರ್ಷಗಳ ಹಿಂದೆ. ಹಾಗಿರುವಾಗ ಸೆಳವು ಇಂದೇಕೆ ಬಂದಿತು? ಸ್ಕ್ಯಾನ್ ಚಿತ್ರದಲ್ಲಿ ಕಂಡ ಬಿಳಿಯ ಉಂಗುರವಾದರೂ ಏನು? ಎರಡು ಪ್ರಶ್ನೆಗಳಿಗೂ ಉತ್ತರ ದೊರೆಯುವುದು ಒಂದೇ ಕಡೆ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ಸೂಕ್ಷ್ಮವಾದ ತಡೆಗೋಡೆಯಲ್ಲಿ. ಆ ಗೋಡೆಯ ರಚನೆ ಎಂಥದು, ಹುಳುವಿನ ಸೋಂಕಿನಿಂದ ಅದು ಹೇಗೆ ಶಿಥಿಲವಾಗುತ್ತದೆ, ಈ ತಿಳಿವಳಿಕೆಯಿಂದ ಚಿಕಿತ್ಸೆಗೆ ಒದಗುವ ಪ್ರಯೋಜನವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಕ್ತ-ಮಿದುಳು ತಡೆಗೋಡೆ

ಇಂಥದೊಂದು ಗೋಡೆಯಿದೆಯೆಂಬ ಸುಳಿವು ಮೊದಲು ದೊರೆತದ್ದು ಬಣ್ಣಗಳ ಮೂಲಕ. ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ 1885ರಲ್ಲಿ ಪ್ರಾಣಿಗಳ ರಕ್ತಕ್ಕೆ ಕೆಲವು ಬಣ್ಣಗಳನ್ನು ಸೇರಿಸಿ ನೋಡಿದರು. ದೇಹದ ಅಂಗಾಂಗಗಳೆಲ್ಲ ಬಣ್ಣ ಹಿಡಿದರೂ ಮಿದುಳು ಮಾತ್ರ ಬಿಳುಪಾಗಿಯೇ ಉಳಿಯಿತು. ಮಿದುಳಿಗೆ ಬಣ್ಣವನ್ನು ಹೀರುವ ಗುಣವಿಲ್ಲವೆಂದು ಅವರು ಭಾವಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ರಕ್ತಕ್ಕೆ ಸೇರಿಸದೆ, ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸಿರುವ ದ್ರವಕ್ಕೆ ಸೇರಿಸಿದರು. ಈ ಬಾರಿ ಮಿದುಳು ಬಣ್ಣ ಹಿಡಿಯಿತು, ಉಳಿದ ಅಂಗಗಳು ಹಿಡಿಯಲಿಲ್ಲ. ಎಂದರೆ ಮಿದುಳಿಗೆ ಬಣ್ಣ ಹೀರುವ ಗುಣ ಇದ್ದೇ ಇತ್ತು. ಅದಕ್ಕೂ ರಕ್ತಕ್ಕೂ ನಡುವೆ ಏನೋ ಒಂದು ತಡೆ ಇತ್ತು. ಆ ತಡೆ ಎಲ್ಲಿದೆಯೆಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ 1967ರಲ್ಲಿ ತೋರಿಸಿಕೊಟ್ಟವರು ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬ ವಿಜ್ಞಾನಿಗಳು.

ಮಿದುಳಿನ ಲೋಮನಾಳಗಳ ಒಳಮೈಯನ್ನು ಹೊದ್ದಿರುವ ಜೀವಕೋಶಗಳ ಪದರವೇ ಈ ಗೋಡೆ. ದೇಹದ ಇತರ ಭಾಗಗಳಲ್ಲಿ ಇಂಥ ಕೋಶಗಳ ನಡುವೆ ಸಣ್ಣ ಸಂದುಗಳಿದ್ದು, ಅವುಗಳ ಮೂಲಕ ದ್ರವವೂ ಸಣ್ಣ ಅಣುಗಳೂ ಹಾದುಹೋಗುತ್ತವೆ. ಮಿದುಳಿನಲ್ಲಿ ಹಾಗಲ್ಲ. ಅಲ್ಲಿ ಅಕ್ಕಪಕ್ಕದ ಕೋಶಗಳು ಕ್ಲಾಡಿನ್-5, ಆಕ್ಲುಡಿನ್ ಮೊದಲಾದ ಪ್ರೊಟೀನುಗಳಿಂದ ಒಂದಕ್ಕೊಂದು ಹೊಲಿದಂತೆ ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಈ ಬೆಸುಗೆಗಳಿಗೆ ಬಿಗಿಸಂಧಿಗಳೆಂದು ಹೆಸರು. ಕೋಶಗಳ ಹೊರಬದಿಗೆ ಕೊಲ್ಯಾಜೆನ್ ಮುಂತಾದವುಗಳಿಂದಾದ ತೆಳುವಾದ ಆಧಾರಪೊರೆ, ಅದಕ್ಕೆ ಅಂಟಿಕೊಂಡ ಪೆರಿಸೈಟ್ ಎಂಬ ಕೋಶಗಳು, ಇವೆರಡನ್ನೂ ಸುತ್ತುವರಿದ ಆಸ್ಟ್ರೋಸೈಟ್ ಅಥವಾ ತಾರಾಕೋಶಗಳ ಪಾದಗಳು ಇರುತ್ತವೆ. ಆಮ್ಲಜನಕ ಈ ಗೋಡೆಯನ್ನು ಸುಲಭವಾಗಿ ದಾಟುತ್ತದೆ. ಗ್ಲೂಕೋಸು ಮತ್ತು ಅಮೈನೊ ಆಮ್ಲಗಳಿಗೆ ಪ್ರತ್ಯೇಕವಾದ ಸಾಗಣೆ ದ್ವಾರಗಳುಂಟು. ಆದರೆ ರಕ್ತದ ಪ್ರೊಟೀನುಗಳಿಗೆ, ರೋಗಾಣುಗಳಿಗೆ ಮತ್ತು ಬಹುಪಾಲು ಬಿಳಿ ರಕ್ತಕಣಗಳಿಗೆ ಒಳಗೆ ಸುಲಭ ಪ್ರವೇಶವಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಏಕೆ ಬೇಕು? ನರಕೋಶಗಳ ಕೆಲಸ ನಡೆಯುವುದು ವಿದ್ಯುತ್ ಸಂಕೇತಗಳಿಂದ. ಅವುಗಳ ಸುತ್ತಣ ದ್ರವದಲ್ಲಿ ಪೊಟ್ಯಾಸಿಯಂ ಅಥವಾ ಗ್ಲುಟಮೇಟಿನ ಪ್ರಮಾಣ ಸ್ವಲ್ಪ ಏರಿದರೂ ಸಂಕೇತಗಳು ಹದ ತಪ್ಪುತ್ತವೆ. ರಕ್ತದಲ್ಲಿಯಾದರೋ ಇಂಥ ಏರಿಳಿತ ಸಹಜ. ಆದುದರಿಂದ ರಕ್ತವನ್ನು ಹತ್ತಿರದಲ್ಲಿಯೇ ಇಟ್ಟುಕೊಂಡೂ ಅದರ ಏರುಪೇರುಗಳನ್ನು ಹೊರಗೇ ನಿಲ್ಲಿಸಬೇಕಾದ ಅಗತ್ಯ ಮಿದುಳಿಗಿದೆ.

ಡಿಂಭವು ಮಿದುಳನ್ನು ಸೇರುವ ದಾರಿ

ಲಾಡಿಹುಳುವಿನ ಜೀವನಚಕ್ರದಲ್ಲಿ ಎರಡು ಆಶ್ರಯಗಳುಂಟು. ಪ್ರೌಢ ಹುಳು ಇರುವುದು ಮನುಷ್ಯನ ಕರುಳಿನಲ್ಲಿ. ಎರಡರಿಂದ ಏಳು ಮೀಟರ್ ಉದ್ದ ಬೆಳೆಯಬಲ್ಲ ಅದರ ದೇಹದ ತುದಿಯ ಖಂಡಗಳು ಕಳಚಿ ಮಲದೊಡನೆ ಹೊರಬೀಳುತ್ತವೆ. ಒಂದೊಂದು ಖಂಡದಲ್ಲಿಯೂ ಹತ್ತಾರು ಸಾವಿರ ಮೊಟ್ಟೆಗಳಿರುತ್ತವೆ. ಬಯಲಿನಲ್ಲಿ ಬಿದ್ದ ಮಲವನ್ನು ಹಂದಿ ತಿಂದಾಗ ಮೊಟ್ಟೆಯೊಡೆದ ಭ್ರೂಣಗಳು ಕರುಳಿನ ಗೋಡೆಯನ್ನು ಕೊರೆದು ರಕ್ತವನ್ನು ಸೇರಿ, ಮಾಂಸಖಂಡಗಳಲ್ಲಿ ದ್ರವ ತುಂಬಿದ ಸಣ್ಣ ಗುಳ್ಳೆಗಳಾಗಿ ನೆಲೆಸುತ್ತವೆ. ಸರಿಯಾಗಿ ಬೇಯದ ಆ ಮಾಂಸವನ್ನು ತಿಂದವನ ಕರುಳಿನಲ್ಲಿ ಗುಳ್ಳೆಯ ಡಿಂಭ ಪ್ರೌಢ ಹುಳುವಾಗುತ್ತದೆ. ಗುಳ್ಳೆಯೂ ಲಾಡಿಹುಳುವೂ ಒಂದೇ ಜೀವಿಯ ಎರಡು ರೂಪಗಳೆಂಬುದನ್ನು ಜರ್ಮನಿಯ ಕ್ಯೂಕೆನ್‌ಮೈಸ್ಟರ್ 1855ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೈದಿಗೆ ಗುಳ್ಳೆಯುಳ್ಳ ಮಾಂಸವನ್ನು ತಿನ್ನಿಸಿ ಸಿದ್ಧಪಡಿಸಿದರು. ಇಂದಿನ ನೀತಿಸಂಹಿತೆ ಎಂದಿಗೂ ಒಪ್ಪದ ಪ್ರಯೋಗವದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಗುಳ್ಳೆಯುಳ್ಳ ಮಾಂಸ ತಿಂದವನಿಗೆ ಬರುವುದು ಕರುಳಿನ ಲಾಡಿಹುಳು, ಮಿದುಳಿನ ಗುಳ್ಳೆಯಲ್ಲ. ಮಿದುಳಿನ ರೋಗ ಬರುವುದು ಹುಳುವಿನ ಮೊಟ್ಟೆಗಳನ್ನು ನುಂಗಿದವನಿಗೆ, ಅಂದರೆ ಹಂದಿಯ ಪಾತ್ರವನ್ನು ತನಗರಿಯದೆ ತಾನೇ ವಹಿಸಿದವನಿಗೆ. ಮೊಟ್ಟೆಗಳು ಬರುವುದು ಲಾಡಿಹುಳುವುಳ್ಳ ವ್ಯಕ್ತಿಯ ತೊಳೆಯದ ಕೈಯಿಂದ, ಮಲಿನ ನೀರಿನಿಂದ, ಅಂಥ ನೀರುಂಡ ಹಸಿ ತರಕಾರಿಯಿಂದ. ಆದುದರಿಂದ ಜನ್ಮತಃ ಸಸ್ಯಾಹಾರಿಗಳಾದವರಿಗೂ ಈ ರೋಗ ಬರುತ್ತದೆ. ನ್ಯೂಯಾರ್ಕ್ ನಗರದಲ್ಲಿ ಹಂದಿಮಾಂಸವನ್ನು ಮುಟ್ಟದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿಯೂ ಈ ರೋಗ ಕಾಣಿಸಿಕೊಂಡುದು 1992ರಲ್ಲಿ ವರದಿಯಾಯಿತು. ಲಾಡಿಹುಳು ಸಾಮಾನ್ಯವಾಗಿರುವ ದೇಶಗಳಿಂದ ಬಂದ ಮನೆಗೆಲಸದವರ ಮೂಲಕ ಸೋಂಕು ತಗುಲಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಎಲೆಕೋಸಿನಲ್ಲಿ ಕಾಣುವ ಹಸಿರು ಹುಳುವೇ ಮಿದುಳನ್ನು ಸೇರುತ್ತದೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಕೀಟದ ಮರಿ. ಮಿದುಳಿಗೂ ಅದಕ್ಕೂ ಸಂಬಂಧವಿಲ್ಲ. ಅಪಾಯವಿರುವುದು ಎಲೆಗೆ ಅಂಟಿರಬಹುದಾದ, ಕಣ್ಣಿಗೆ ಕಾಣದ ಮೊಟ್ಟೆಯಲ್ಲಿ.

ನುಂಗಿದ ಮೊಟ್ಟೆಯಿಂದ ಹೊರಬಂದ ಭ್ರೂಣವು ರಕ್ತದ ಹರಿವಿನಲ್ಲಿ ಸಾಗಿ ಮಿದುಳಿನ ಕಿರಿದಾದ ನಾಳಗಳನ್ನು ತಲಪುತ್ತದೆ. ಅಲ್ಲಿಂದ ಅಂಗಾಂಶಕ್ಕೆ ಇಳಿದು ಕೆಲವು ವಾರಗಳಲ್ಲಿ ಅರ್ಧ ಅಥವಾ ಒಂದು ಸೆಂಟಿಮೀಟರ್ ಗಾತ್ರದ ಗುಳ್ಳೆಯಾಗಿ ಬೆಳೆಯುತ್ತದೆ.

ಮೌನದ ವರ್ಷಗಳು

ಈ ರೋಗದ ವಿಚಿತ್ರ ಲಕ್ಷಣವೆಂದರೆ ಅದರ ದೀರ್ಘ ಮೌನ. ಭಾರತದಲ್ಲಿ ಸೇವೆ ಸಲ್ಲಿಸಿ ಸ್ವದೇಶಕ್ಕೆ ಮರಳಿದ ಬ್ರಿಟಿಷ್ ಸೈನಿಕರಲ್ಲಿ ಅನೇಕರಿಗೆ ವರ್ಷಗಳ ನಂತರ ಅಪಸ್ಮಾರ ಕಾಣಿಸಿಕೊಂಡಿತು. ಅಂಥ ಪ್ರಕರಣಗಳನ್ನು ಮುಖ್ಯವಾಗಿ ಒಳಗೊಂಡ 450 ರೋಗಿಗಳ ಅಧ್ಯಯನವನ್ನು ಡಿಕ್ಸನ್ ಮತ್ತು ಲಿಪ್ಸ್‌ಕಂಬ್ 1961ರಲ್ಲಿ ಪ್ರಕಟಿಸಿದರು. ಸೋಂಕು ತಗುಲಿದ ಕಾಲಕ್ಕೂ ಮೊದಲ ಸೆಳವಿಗೂ ನಡುವೆ ಹಲವು ವರ್ಷಗಳ ಅಂತರವಿದ್ದುದು ಅದರಿಂದ ಸ್ಪಷ್ಟವಾಯಿತು.

ಸಜೀವ ಡಿಂಭ ತನ್ನ ಉಳಿವಿಗಾಗಿಯೇ ಈ ಮೌನವನ್ನು ಕಾಯ್ದುಕೊಳ್ಳುತ್ತದೆ. ಅದು ಸ್ರವಿಸುವ ಪದಾರ್ಥಗಳು ಆಶ್ರಯದಾತನ ರೋಗನಿರೋಧಕ ವ್ಯವಸ್ಥೆಯನ್ನು ಮಂಕುಗೊಳಿಸುತ್ತವೆ. ಉದಾಹರಣೆಗೆ, ಅದರ ಪ್ಯಾರಾಮಯೋಸಿನ್ ಎಂಬ ಪ್ರೊಟೀನು ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಸರಪಳಿಯ ಮೊದಲ ಕೊಂಡಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆದುದರಿಂದ ಜೀವಂತ ಗುಳ್ಳೆಯ ಸುತ್ತ ಉರಿಯೂತ ಇಲ್ಲವೇ ಇಲ್ಲ, ಇಲ್ಲವೆ ಅತ್ಯಲ್ಪ. ತಡೆಗೋಡೆಯೂ ಬಹುಮಟ್ಟಿಗೆ ಸುಭದ್ರವಾಗಿರುತ್ತದೆ.

ಗೋಡೆ ಒಡೆಯುವ ಬಗೆ

ಡಿಂಭ ಮುಪ್ಪಾಗಿಯೋ ಔಷಧದಿಂದಲೋ ಸಾಯತೊಡಗಿದಾಗ ಪರಿಸ್ಥಿತಿ ಬದಲಾಗುತ್ತದೆ. ಮಂಕುಗೊಳಿಸುವ ಸ್ರಾವಗಳು ನಿಲ್ಲುತ್ತವೆ. ಅದುವರೆಗೆ ಮರೆಯಾಗಿದ್ದ ಹುಳುವಿನ ಪ್ರೊಟೀನುಗಳು ಹೊರಸೂಸುತ್ತವೆ. ಸುತ್ತಲಿನ ಕೋಶಗಳು ಅಪಾಯದ ಸಂದೇಶವಾಹಕಗಳಾದ ಸೈಟೊಕೈನುಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳಿಂದ ಪ್ರಚೋದಿತವಾದ ರಕ್ತನಾಳದ ಕೋಶಗಳು ಬಿಳಿ ರಕ್ತಕಣಗಳಿಗೆ ಅಂಟಿಕೊಳ್ಳಲು ಆಸರೆ ನೀಡುತ್ತವೆ. ಹೀಗೆ ಬಂದು ಸೇರಿದ ಬಿಳಿ ರಕ್ತಕಣಗಳ ಬಳಿ ಮ್ಯಾಟ್ರಿಕ್ಸ್ ಮೆಟಲೊಪ್ರೊಟಿಯೇಸ್-9 ಎಂಬ ಕಿಣ್ವವಿರುತ್ತದೆ. ಸತುವನ್ನು ಒಳಗೊಂಡ ಈ ಕಿಣ್ವವು ಆಧಾರಪೊರೆಯ ಕೊಲ್ಯಾಜೆನನ್ನು ಕತ್ತರಿಸುತ್ತದೆ, ಬಿಗಿಸಂಧಿಗಳ ಪ್ರೊಟೀನುಗಳನ್ನೂ ಸಡಿಲಿಸುತ್ತದೆ. ಗೋಡೆಯಲ್ಲಿ ಬಿರುಕು ಮೂಡುವುದು ಹೀಗೆ. ಹುಳು ಗೋಡೆಯನ್ನು ಕಡಿಯುವುದಕ್ಕಿಂತ ಹೆಚ್ಚಾಗಿ, ಹುಳುವನ್ನು ಅರಸಿ ಬಂದ ನಮ್ಮದೇ ರಕ್ಷಕರು ಅದನ್ನು ಕೆಡವುತ್ತಾರೆ.

ಈ ಕ್ರಮವನ್ನು ಪ್ರಯೋಗಗಳು ಸಮರ್ಥಿಸಿವೆ. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ಜೂಡಿ ಟೀಲ್ ಮತ್ತು ಸಂಗಡಿಗರು ಹತ್ತಿರದ ಸಂಬಂಧಿಯಾದ ಇನ್ನೊಂದು ಲಾಡಿಹುಳುವಿನ ಡಿಂಭಗಳನ್ನು ಇಲಿಗಳ ತಲೆಬುರುಡೆಯೊಳಗೆ ಸೇರಿಸಿ ಅಭ್ಯಸಿಸಿದರು. ಮಿದುಳಿನ ಎಲ್ಲ ನಾಳಗಳೂ ಒಂದೇ ಸಮನಾಗಿ ಸೋರಲಿಲ್ಲವೆಂಬುದು ಅವರ ಮುಖ್ಯ ಶೋಧ. ಮಿದುಳಿನ ಮೇಲ್ಮೈಯ ಹೊದಿಕೆಯಲ್ಲಿರುವ ನಾಳಗಳು ಬೇಗನೆಯೂ ಹೆಚ್ಚಾಗಿಯೂ ಸೋರಿದವು. ಮಿದುಳಿನ ಒಳತಿರುಳಿನ ನಾಳಗಳು ತಡವಾಗಿ ಸೋರಿದವು. ಬಿಳಿ ರಕ್ತಕಣಗಳು ಹಿಂಡುಗಟ್ಟಿದ ಕಡೆಗಳಲ್ಲಿಯೇ ಮೇಲೆ ಹೇಳಿದ ಕಿಣ್ವದ ಚಟುವಟಿಕೆಯೂ ಕಂಡುಬಂದಿತು.

ಪೆರು ದೇಶದಲ್ಲಿ ನಡೆದ ಅಧ್ಯಯನಗಳು ಇನ್ನೂ ನೇರವಾದವು. ಸಹಜವಾಗಿ ಸೋಂಕು ತಗುಲಿದ್ದ ಹಂದಿಗಳಿಗೆ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕವನ್ನು ಕೊಟ್ಟು, ಅನಂತರ ರಕ್ತಕ್ಕೆ ಇವಾನ್ಸ್ ಬ್ಲೂ ಎಂಬ ನೀಲಿ ಬಣ್ಣವನ್ನು ಸೇರಿಸಲಾಯಿತು. ಈ ಬಣ್ಣ ರಕ್ತದ ಆಲ್ಬುಮಿನ್ ಪ್ರೊಟೀನಿಗೆ ಅಂಟಿಕೊಳ್ಳುವುದರಿಂದ ಗೋಡೆ ಸುಭದ್ರವಾಗಿರುವಲ್ಲಿ ಮಿದುಳನ್ನು ಸೇರಲಾರದು. ಔಷಧ ಪಡೆದ ಹಂದಿಗಳಲ್ಲಿ ಅನೇಕ ಗುಳ್ಳೆಗಳ ಸುತ್ತಣ ಕವಚ ನೀಲಿಯಾಗಿತ್ತು. ನೀಲಿಯಾಗದ ಕವಚಗಳಿಗಿಂತ ನೀಲಿಯಾದ ಕವಚಗಳಲ್ಲಿ ಉರಿಯೂತ ಹೆಚ್ಚಾಗಿತ್ತು. ಎರ್ಲಿಕ್ ಅವರು ಬಣ್ಣದಿಂದ ಗೋಡೆಯ ಇರವಿನ ಸುಳಿವು ನೀಡಿದರೆ, ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಅದೇ ಉಪಾಯದಿಂದ ಗೋಡೆಯ ಬಿರುಕು ಕಂಡಿತು.

ಸೋರಿಕೆಯಿಂದ ಸೆಳವಿನವರೆಗೆ

ಬಿರುಕಿನ ಮೂಲಕ ಮೊದಲು ನೀರು ಮತ್ತು ಪ್ರೊಟೀನುಗಳು ಒಳಬಂದು ಗುಳ್ಳೆಯ ಸುತ್ತ ಬಾವು ಉಂಟಾಗುತ್ತದೆ. ತಲೆಬುರುಡೆ ಹಿಗ್ಗಲಾರದ ಪೆಟ್ಟಿಗೆಯಾದುದರಿಂದ ಬಾವು ಹೆಚ್ಚಿದಂತೆ ಒತ್ತಡ ಏರಿ ತಲೆನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಎರಡನೆಯ ಪರಿಣಾಮ ಸೂಕ್ಷ್ಮತರವಾದುದು. ಒಳಬಂದ ಆಲ್ಬುಮಿನನ್ನು ತಾರಾಕೋಶಗಳು ಹೀರಿಕೊಳ್ಳುತ್ತವೆ. ಹಾಗಾದಾಗ, ನರಕೋಶಗಳ ಸುತ್ತ ಸೇರುವ ಹೆಚ್ಚುವರಿ ಪೊಟ್ಯಾಸಿಯಮನ್ನು ತೆಗೆದುಹಾಕುವ ಅವುಗಳ ಸಾಮರ್ಥ್ಯ ಕುಗ್ಗುತ್ತದೆಂದು ಪ್ರಾಣಿಪ್ರಯೋಗಗಳು ತೋರಿಸಿವೆ. ಪರಿಣಾಮವಾಗಿ ನರಕೋಶಗಳು ಸಣ್ಣ ಪ್ರಚೋದನೆಗೂ ಒಟ್ಟೊಟ್ಟಿಗೆ ಸಿಡಿಯತೊಡಗುತ್ತವೆ. ಅದೇ ಸೆಳವು. ಉರಿಯೂತದ ಕೋಶಗಳು ತಯಾರಿಸುವ ಸಬ್‌ಸ್ಟನ್ಸ್-ಪಿ ಎಂಬ ಪೆಪ್ಟೈಡು ಕೂಡ ಸೆಳವನ್ನು ಉಂಟುಮಾಡಬಲ್ಲುದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಡಿಂಭ ಪೂರ್ಣವಾಗಿ ಸತ್ತು ಸುಣ್ಣಗಟ್ಟಿದ ಮೇಲೆಯೂ ಕಥೆ ಮುಗಿಯುವುದಿಲ್ಲ. ಸುಣ್ಣಗಟ್ಟಿದ ಗಂಟುಗಳುಳ್ಳ ರೋಗಿಗಳಿಗೆ ಮತ್ತೆ ಸೆಳವು ಬಂದಾಗ ಸ್ಕ್ಯಾನ್ ಮಾಡಿ ನೋಡಿದರೆ, ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಟಿನ ಸುತ್ತ ಹೊಸದಾಗಿ ಬಾವು ಕಂಡುಬಂದುದನ್ನು ಥಿಯೊಡೋರ್ ನ್ಯಾಶ್ ಮತ್ತು ಸಂಗಡಿಗರು 2008ರಲ್ಲಿ ವರದಿಮಾಡಿದರು. ಗಂಟಿನಲ್ಲಿ ಉಳಿದ ಹುಳುವಿನ ಅವಶೇಷ ಆಗಾಗ ಹೊರಗೆ ಸೋರಿದಾಗ ಹಳೆಯ ಕದನ ಮರುಕಳಿಸುತ್ತದೆಂದು ಇದನ್ನು ಅರ್ಥೈಸಲಾಗಿದೆ.

ಬಿಳಿಯ ಉಂಗುರದ ಅರ್ಥ

ಈಗ ಪೀಠಿಕೆಯಲ್ಲಿ ಕಂಡ ಉಂಗುರಕ್ಕೆ ಮರಳೋಣ. ಸ್ಕ್ಯಾನ್ ಮಾಡುವ ಮೊದಲು ರೋಗಿಯ ರಕ್ತನಾಳಕ್ಕೆ ಕಾಂಟ್ರಾಸ್ಟ್ ಎಂಬ ದ್ರವ್ಯವನ್ನು ಕೊಡುತ್ತಾರೆ. ಸುಭದ್ರವಾದ ತಡೆಗೋಡೆಯನ್ನು ಅದು ದಾಟಲಾರದು. ಗೋಡೆ ಸೋರುವಲ್ಲಿ ಮಾತ್ರ ಅಂಗಾಂಶಕ್ಕೆ ಇಳಿದು ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆದುದರಿಂದ ಉಂಗುರವೆಂದರೆ ಹುಳುವಿನ ಚಿತ್ರವಲ್ಲ, ಹುಳುವಿನ ಸುತ್ತ ಶಿಥಿಲವಾದ ಗೋಡೆಯ ಚಿತ್ರ. ಜೀವಂತ ಗುಳ್ಳೆಯ ಸುತ್ತ ಸಾಮಾನ್ಯವಾಗಿ ಉಂಗುರ ಕಾಣದಿರುವುದಕ್ಕೂ, ಸಾಯುತ್ತಿರುವ ಗುಳ್ಳೆಯ ಸುತ್ತ ಅದು ಎದ್ದು ಕಾಣುವುದಕ್ಕೂ ಇದೇ ಕಾರಣ.

ಈ ಉಂಗುರವನ್ನು ಸರಿಯಾಗಿ ಓದುವುದನ್ನು ಕಲಿಸಿದ ಶ್ರೇಯಸ್ಸಿನಲ್ಲಿ ಭಾರತೀಯ ವೈದ್ಯರಿಗೆ ದೊಡ್ಡ ಪಾಲಿದೆ. ಸಿ.ಟಿ. ಸ್ಕ್ಯಾನ್ ನಮ್ಮ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ ಇಂಥ ಒಂಟಿ ಉಂಗುರಗಳನ್ನು ಕ್ಷಯದ ಗಂಟುಗಳೆಂದು ಭಾವಿಸಿ, ಅನೇಕ ರೋಗಿಗಳಿಗೆ ತಿಂಗಳುಗಟ್ಟಲೆ ಕ್ಷಯದ ಔಷಧಗಳನ್ನು ಕೊಡಲಾಗುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಚಾಂಡಿ, ರಾಜಶೇಖರ್ ಮತ್ತು ಸಂಗಡಿಗರು ಅಂಥ ಗಂಟುಗಳ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಲಾಡಿಹುಳುವಿನ ಡಿಂಭದಿಂದಾದವೆಂದು ತೋರಿಸಿದರು. ಅವರ ಮೊದಲ ವರದಿ 1989ರಲ್ಲಿ ಪ್ರಕಟವಾಯಿತು. ಉಂಗುರದ ಗಾತ್ರ 20 ಮಿಲಿಮೀಟರಿಗಿಂತ ಕಡಿಮೆಯಿದ್ದು, ಮಿದುಳಿನ ಮಧ್ಯರೇಖೆಯನ್ನು ಸರಿಸುವಷ್ಟು ಬಾವು ಇಲ್ಲದಿದ್ದರೆ ಅದು ಕ್ಷಯವಾಗಿರುವ ಸಾಧ್ಯತೆ ಕಡಿಮೆಯೆಂಬ ಅವರ ಮಾನದಂಡ ಅಸಂಖ್ಯ ರೋಗಿಗಳನ್ನು ಅನಗತ್ಯ ಚಿಕಿತ್ಸೆಯಿಂದಲೂ ಶಸ್ತ್ರಕ್ರಿಯೆಯಿಂದಲೂ ಪಾರುಮಾಡಿತು.

ಇತರ ಹುಳುಗಳು

ತಡೆಗೋಡೆಗೆ ಧಕ್ಕೆ ತರುವ ಹುಳು ಲಾಡಿಹುಳುವೊಂದೇ ಅಲ್ಲ. ಇಲಿಗಳ ಶ್ವಾಸಕೋಶದ ಹುಳುವಾದ ಆಂಜಿಯೊಸ್ಟ್ರಾಂಜಿಲಸ್ ಕ್ಯಾಂಟೊನೆನ್ಸಿಸ್, ಬಸವನಹುಳುಗಳ ಮೂಲಕ ಮನುಷ್ಯನನ್ನು ಸೇರುತ್ತದೆ. ಲಾಡಿಹುಳುವಿನ ಡಿಂಭ ಒಂದೆಡೆ ನೆಲೆಸಿದರೆ, ಇದರ ಮರಿಗಳು ಮಿದುಳಿನಲ್ಲಿ ಚಲಿಸುತ್ತವೆ. ಇಲಿಯಲ್ಲಿ ಅವು ಮಿದುಳಿನಿಂದ ಶ್ವಾಸಕೋಶದ ನಾಳಗಳಿಗೆ ಸಾಗುತ್ತವೆ. ಮನುಷ್ಯನಲ್ಲಿ ಸಾಮಾನ್ಯವಾಗಿ ಆ ಪಯಣ ಪೂರ್ಣಗೊಳ್ಳದೆ ಮಿದುಳಿನಲ್ಲಿಯೇ ಸಾಯುತ್ತವೆ. ಆಗ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಮುಗಿಬಿದ್ದು ಮಿದುಳುಪೊರೆಯ ಉರಿಯೂತ ಉಂಟಾಗುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇಲ್ಲಿಯೂ ಅದೇ ಮೆಟಲೊಪ್ರೊಟಿಯೇಸ್-9 ಕಿಣ್ವ ಏರಿದುದೂ ತಡೆಗೋಡೆ ಸೋರಿದುದೂ ಕಂಡುಬಂದಿವೆ. ಹುಳು ಬೇರೆಯಾದರೂ ಗೋಡೆ ಕುಸಿಯುವ ಕ್ರಮ ಬಹುಮಟ್ಟಿಗೆ ಒಂದೇ.

ಚಿಕಿತ್ಸೆಯ ವಿವೇಕ

ಇಷ್ಟನ್ನು ಅರಿತ ಮೇಲೆ ಚಿಕಿತ್ಸೆಯ ಇಕ್ಕಟ್ಟು ಸುಲಭವಾಗಿ ಅರ್ಥವಾಗುತ್ತದೆ. ಹುಳುವನ್ನು ಕೊಲ್ಲುವ ಆಲ್ಬೆಂಡಜೋಲ್ ಮತ್ತು ಪ್ರಾಜಿಕ್ವಾಂಟೆಲ್ ಔಷಧಗಳು ನಮ್ಮಲ್ಲಿವೆ. ಜೀವಂತ ಗುಳ್ಳೆಗಳುಳ್ಳ ರೋಗಿಗಳಲ್ಲಿ ಆಲ್ಬೆಂಡಜೋಲ್ ಚಿಕಿತ್ಸೆಯಿಂದ ದೇಹವ್ಯಾಪಿ ಸೆಳವುಗಳು ಕಡಿಮೆಯಾಗುತ್ತವೆಂದು ಪೆರು ದೇಶದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಆದರೆ ಹುಳು ಸಾಯುವಾಗಲೇ ಗೋಡೆ ಒಡೆಯುವುದರಿಂದ, ಔಷಧದ ಮೊದಲ ದಿನಗಳಲ್ಲಿ ತಲೆನೋವು ಮತ್ತು ಸೆಳವು ಹೆಚ್ಚಾಗಬಹುದು. ಇದನ್ನು ಕಂಡು ಗಾಬರಿಯಿಂದ ಔಷಧವನ್ನೇ ಕೈಬಿಡುವ ರೋಗಿಗಳುಂಟು. ಇದನ್ನು ತಡೆಯಲೆಂದೇ ಹುಳುನಾಶಕಕ್ಕೆ ಮೊದಲು ಡೆಕ್ಸಾಮೆಥಸೋನ್‌ನಂಥ ಸ್ಟಿರಾಯ್ಡ್ ಔಷಧವನ್ನು ಆರಂಭಿಸುತ್ತಾರೆ. ಸ್ಟಿರಾಯ್ಡು ಉರಿಯೂತವನ್ನು ಶಮನಗೊಳಿಸಿ ಬಿಗಿಸಂಧಿಗಳನ್ನು ಭದ್ರಪಡಿಸುತ್ತದೆ. ಜೊತೆಗೆ ಸೆಳವು ನಿರೋಧಕ ಔಷಧವೂ ಅಗತ್ಯ.

ಮಿದುಳಿನ ತುಂಬ ನೂರಾರು ಗುಳ್ಳೆಗಳಿದ್ದು ತೀವ್ರ ಬಾವು ಬಂದಿರುವ ರೋಗಿಗೆ ಹುಳುನಾಶಕವನ್ನು ಕೊಡುವುದಿಲ್ಲ. ಎಲ್ಲ ಗುಳ್ಳೆಗಳ ಸುತ್ತಲೂ ಗೋಡೆ ಒಮ್ಮೆಗೇ ಕುಸಿದರೆ ಪ್ರಾಣಾಪಾಯ ಸಂಭವಿಸೀತು. ಅಲ್ಲಿ ಮೊದಲ ಕರ್ತವ್ಯ ಬಾವನ್ನು ಇಳಿಸುವುದು. ಇನ್ನೊಂದೆಡೆ, ನಮ್ಮಲ್ಲಿ ಸಾಮಾನ್ಯವಾಗಿರುವ ಒಂಟಿ ಉಂಗುರವು ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕರಗಿಹೋಗುತ್ತದೆ. ಆದುದರಿಂದ ಯಾರಿಗೆ ಯಾವ ಔಷಧ ಎಂಬುದನ್ನು ಸ್ಕ್ಯಾನ್ ನೋಡಿದ ತಜ್ಞರೇ ನಿರ್ಧರಿಸಬೇಕು. 2015ರಿಂದ ನಡೆದುಬಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಮಾತ್ರೆ ಕರುಳಿನ ಜಂತುಹುಳುಗಳಿಗಾಗಿ ಇರುವಂಥದು. ಆ ಒಂದು ಮಾತ್ರೆ ಮಿದುಳಿನ ಗುಳ್ಳೆಗೆ ಚಿಕಿತ್ಸೆಯಲ್ಲ. ಅದೇ ಮಾತ್ರೆಯನ್ನು ತಾವಾಗಿಯೇ ಕೊಂಡು ನುಂಗುವುದೂ ಸಲ್ಲದು.

ಉಪಸಂಹಾರ

ಬೆಂಗಳೂರು ನಗರ ಮತ್ತು ಸುತ್ತಣ ಗ್ರಾಮಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು ನಿಮ್ಹಾನ್ಸ್ ಸಂಸ್ಥೆ ನಡೆಸಿದ ನರರೋಗ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಅಪಸ್ಮಾರದ ಪ್ರಮಾಣ ನಗರಕ್ಕಿಂತ ಗ್ರಾಮಗಳಲ್ಲಿ ಸುಮಾರು ಎರಡು ಪಟ್ಟು ಇತ್ತೆಂದು ಅದು ತಿಳಿಸಿತು. ಅಪಸ್ಮಾರಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಹುಳುವಿನ ಮೇಲೆ ಹೊರಿಸಲಾಗದು. ಆದರೆ ಆ ಹಲವು ಕಾರಣಗಳಲ್ಲಿ ಪೂರ್ಣವಾಗಿ ತಡೆಯಬಹುದಾದುದು ಇದೊಂದು. ಶೌಚಾಲಯದ ಬಳಕೆ, ಊಟಕ್ಕೆ ಮೊದಲು ಸಾಬೂನಿನಿಂದ ಕೈತೊಳೆಯುವುದು, ಹಸಿ ತರಕಾರಿಯನ್ನು ಶುದ್ಧ ನೀರಿನಲ್ಲಿ ತೊಳೆಯುವುದು, ಹಂದಿಗಳನ್ನು ಬಯಲಿಗೆ ಬಿಡದೆ ಕಟ್ಟಿ ಸಾಕುವುದು, ಮಾಂಸವನ್ನು ಚೆನ್ನಾಗಿ ಬೇಯಿಸುವುದು, ಇವುಗಳಲ್ಲಿ ಒಂದೊಂದೂ ಲಾಡಿಹುಳುವಿನ ಚಕ್ರವನ್ನು ಒಂದೊಂದು ಕಡೆ ಕತ್ತರಿಸುತ್ತದೆ. ಹಂದಿಗಳಿಗೆ ಹಾಕುವ ಟಿ.ಎಸ್.ಒ.ಎಲ್.-18 ಲಸಿಕೆ ಆಸ್ಟ್ರೇಲಿಯದಲ್ಲಿ ರೂಪುಗೊಂಡು ಹೈದರಾಬಾದಿನಲ್ಲಿ ತಯಾರಾಗಿರುವುದು ಸಂತೋಷದ ಸಂಗತಿ.

ಸೆಳವು ಬಂದವರನ್ನು ದೈವದ ಕೋಪಕ್ಕೆ ಗುರಿಯಾದವರೆಂದು ದೂರವಿಡುವ, ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಮುಚ್ಚಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಮುಚ್ಚಿಟ್ಟ ರೋಗಕ್ಕೆ ಸ್ಕ್ಯಾನ್ ಇಲ್ಲ, ಔಷಧವೂ ಇಲ್ಲ. ಸೆಳವಿನ ಹಿಂದೆ ಶಾಪವಿಲ್ಲ. ಕೂದಲೆಳೆಗಿಂತ ತೆಳುವಾದ ನಾಳದ ಗೋಡೆಯಲ್ಲಿ ಬಿದ್ದ ಬಿರುಕು ಇದೆ. ಆ ಬಿರುಕನ್ನು ವೈದ್ಯರು ಮುಚ್ಚಬಲ್ಲರು. ಅದು ಬೀಳದಂತೆ ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮ ಅಡುಗೆಮನೆ, ಶೌಚಾಲಯ ಮತ್ತು ಊರ ಬಯಲಿನಲ್ಲಿ ಆಗಬೇಕಾಗಿದೆ.